ಸೀಟು ಹಿಡಿಯುವ ಬಂಗಾರಮ್ಮ

ಬಂಗಾರಮ್ಮನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವಳ ಮೇಲಲ್ಲ, ನಮ್ಮ ಭದ್ರಾವತಿಯ ಹಳೇ ಬಸ್ ಸ್ಟ್ಯಾಂಡನ್ನು ಅನಾಥ ಮಾಡಿದ ಬಸ್ಸಿನವರ ಮೇಲೆ. ಆ ಸಿಟ್ಟು ಇಳಿಯಲಿ ಎಂದು ಕಾದರೆ ಈ ಬರಹ ಆಗುವುದೇ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಇಲ್ಲಿನ ಹಳೇನಗರದಿಂದ ಶಿವಮೊಗ್ಗದ ರವೀಂದ್ರನಗರದ ಶಾಲೆಯೊಂದಕ್ಕೆ ಪಾಠ ಹೇಳಲು ಓಡಾಡುವವಳು. ಮಕ್ಕಳಿಗೆ ತಾಳ್ಮೆ ಕಲಿಸುತ್ತೇನೆ, ನನ್ನ ಹತ್ತಿರ ಮಾತ್ರ ಅದು ಸ್ಟಾಕ್ ಇಲ್ಲ. ಹೆಸರು ಬಸವರಾಜೇಶ್ವರಿ. ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗೂ ಇಲ್ಲದೆ ಊರಿಗೆಲ್ಲ ಟೀಚರ್ ಆಗಿಬಿಟ್ಟಿದ್ದೇನೆ.

ಬಂಗಾರಮ್ಮ ಹಳೇ ಸ್ಟ್ಯಾಂಡಿನ ಹೂವಿನವಳು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಬಹುವಚನ ಹಾಕಿದರೆ "ನಾನೇನು ನಿಮ್ಮ ಹೆಡ್‌ಮೇಷ್ಟ್ರಾ?" ಎಂದು ಗದರುತ್ತಾಳೆ. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಓದುವವರು ತಪ್ಪು ತಿಳಿಯಬಾರದು. ಅವಳ ಅಪ್ಪ ಅಮ್ಮ ಕಾರ್ಖಾನೆ ಕೆಲಸ ಹುಡುಕಿಕೊಂಡು ಸೇಲಂ ಕಡೆಯಿಂದ ಬಂದವರು. ಮನೆಯಲ್ಲಿ ತಮಿಳು, ಪಕ್ಕದ ಕ್ವಾರ್ಟರ್ಸಿನವರ ಜೊತೆ ತೆಲುಗು, ಬೀದಿಗೆ ಇಳಿದರೆ ಕನ್ನಡ. ಮೂರರಲ್ಲೂ ಅವಳು ಬೈಯುವುದನ್ನು ಕೇಳಿದ್ದೇನೆ. ಖಾರ ಮೂರರಲ್ಲೂ ಒಂದೇ.

ಆದರೆ ಊರಿಗೆ ಅವಳು ಗೊತ್ತಿರುವುದು ಹೂವಿನಿಂದಲ್ಲ, ಸೀಟು ಹಿಡಿಯುವುದರಿಂದ. ನಮ್ಮ ಕಡೆಯ ಖಾಸಗಿ ಬಸ್ಸಿಗೆ ರಿಸರ್ವೇಶನ್ ಅಂತೇನೂ ಇಲ್ಲ, ಟವೆಲ್ ಇದೆ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಸೀಟಿನ ಮೇಲೆ ಎಸೆದರೆ ಆ ಸೀಟು ನಿಮ್ಮದು. ಆಮೇಲೆ ನೀವು ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಹತ್ತಿದರೂ ನಡೆಯುತ್ತದೆ. ಕೂಸು ಎತ್ತಿಕೊಂಡವರು ನಿಂತಿದ್ದರೂ ಖಾಲಿ ಸೀಟಿನ ಟವೆಲ್ಲನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿ ಕೂತವನನ್ನು ಊರು ಮರೆಯುವುದೂ ಇಲ್ಲ. ಅಂಥವರ ಮನೆಗೆ ಹೆಣ್ಣು ಕೊಡುವಾಗ ಈ ಮಾತು ಬರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಾಗಿಲ್ಲ.

ಬಂಗಾರಮ್ಮನ ಮದುವೆಯೂ ಟವೆಲ್ಲಿನಿಂದಲೇ ಆದದ್ದು. ಕರಿಯಣ್ಣ ಹತ್ತಿರದ ಹಳ್ಳಿಯ ಬೇಸಾಯದ ಮನೆಯವರು, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದರು. ಆಯುಧಪೂಜೆಯ ರಶ್ಶಿನಲ್ಲಿ ಅವರು ಕಿಟಕಿಯಿಂದ ಎಸೆದ ಟವೆಲ್ ಆಗಲೇ ಸೇವಂತಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಇವಳ ಮುಖಕ್ಕೆ ಬಿತ್ತು. ಶಿವಮೊಗ್ಗ ಬರುವವರೆಗೂ ಬೈದಳು. ಮಾರನೆಯ ದಿನ ಕರಿಯಣ್ಣ ಅದೇ ಬಸ್ಸಿಗೆ ಬಂದರು, ಬೈಸಿಕೊಳ್ಳಲು. ಎರಡೂ ಮನೆಯವರು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದರಂತೆ. ಇವರಿಬ್ಬರೂ ಕ್ಯಾರೇ ಅನ್ನಲಿಲ್ಲ.

ದಿನಾ ಓಡಾಡುವವರು ಅವಳ ಹತ್ತಿರ ಒಂದೊಂದು ಟವೆಲ್ ಬಿಟ್ಟಿರುತ್ತಿದ್ದೆವು. ಹೂವಿನ ಗಾಡಿಯ ಮೇಲೆ ಹಗ್ಗ ಕಟ್ಟಿ ಒಗೆದ ಬಟ್ಟೆಯ ಹಾಗೆ ನೇತು ಹಾಕಿರುತ್ತಿದ್ದಳು. ಬಸ್ಸು ತಿರುಗಿದ ಕೂಡಲೇ ಸೆರಗು ಸಿಕ್ಕಿಸಿ ಓಡುವಳು. ಬಸುರಿಯರಿಗೆ, ಮುದುಕರಿಗೆ, ಕಾಲು ನೋವಿನವರಿಗೆ ಮೊದಲು, ನನ್ನಂಥವರಿಗೆ ಆಮೇಲೆ. ಎಷ್ಟೋ ಸಲ ಇಬ್ಬರ ಟವೆಲ್ಲನ್ನು ಒಂದೇ ಸೀಟಿಗೆ ಹಾಕಿ ಜಗಳ ಹಚ್ಚಿದ್ದೂ ಇದೆ. ಆಗ ತನಗೆ ಸಂಬಂಧವೇ ಇಲ್ಲವೆಂಬಂತೆ ಮಲ್ಲಿಗೆ ಕಟ್ಟುತ್ತಾ ಕೂತುಬಿಡುವಳು. ಯಾಕೆ ಇಷ್ಟೆಲ್ಲ ಮಾಡ್ತೀಯ ಎಂದು ಕೇಳಿದರೆ, "ಸೀಟ್ ಸಿಕ್ಕಿದ್ ಹೆಂಗಸು ಹೂವಿಲ್ದೆ ಬಸ್ ಹತ್ತಲ್ಲ ಟೀಚರ್" ಎನ್ನುತ್ತಿದ್ದಳು. ಅದು ಅರ್ಧ ಸತ್ಯ. ನಿಂತು ಪ್ರಯಾಣ ಮಾಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಅಷ್ಟೇ.

ಮೂರು ವರ್ಷದ ಹಿಂದೆ ಕರಿಯಣ್ಣನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಕಾಲು ಊದಿ ನಿಲ್ಲಲು ಆಗುತ್ತಿರಲಿಲ್ಲ. ಆದರೂ ಅಷ್ಟು ಕಷ್ಟ ಅನ್ನಿಸಿರಲಿಲ್ಲ. ಮನೆ ಹಳೇ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲೇ ಇತ್ತು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಬಂದರೆ ಬೆಳಗಿನ ಮೊದಲ ಬಸ್ಸು, ಮುಂಬಾಗಿಲ ಪಕ್ಕದ ಒಂಟಿ ಸೀಟಿನ ಮೇಲೆ ಬಂಗಾರಮ್ಮನ ಟವೆಲ್. ಕರಿಯಣ್ಣ ಕೂತ ಮೇಲೇ ಡ್ರೈವರ್ ಗೇರು ಹಾಕುತ್ತಿದ್ದ.

ಹೀಗಿರುವಾಗ ಹೋದ ವರ್ಷ ಬಸ್ ಸ್ಟ್ಯಾಂಡು ಊರಾಚೆ ಬೈಪಾಸಿಗೆ ಹೋಯಿತು. ಪೇಟೆ ರಸ್ತೆ ಇಕ್ಕಟ್ಟು, ಬಸ್ಸುಗಳು ಹೊಸ ನಿಲ್ದಾಣದಿಂದ ಹೊರಡಲಿ ಎಂಬುದಷ್ಟೇ ತೀರ್ಮಾನವಾಗಿತ್ತು. ಹಾದಿಯಲ್ಲಿ ಹಳೇ ಸ್ಟ್ಯಾಂಡಿಗೆ ಬಂದು ಜನ ಹತ್ತಿಸಿಕೊಂಡು ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲ. ಬೈಪಾಸು ಸಲೀಸು, ಪೇಟೆಯ ತಲೆನೋವು ಯಾಕೆ ಎಂದು ಬಸ್ಸಿನವರೇ ನಮ್ಮನ್ನು ಕೈಬಿಟ್ಟರು. ಹೊಸ ನಿಲ್ದಾಣ ಚೆಂದವೇ ಇದೆ, ಸುಳ್ಳು ಯಾಕೆ ಹೇಳಲಿ. ಎತ್ತರದ ಚಾವಣಿ, ಗ್ರಾನೈಟ್ ಬೆಂಚು, ನಲ್ಲಿಯಲ್ಲಿ ನೀರು. ಆ ಬೆಂಚುಗಳ ಮೇಲೆ ನಾಯಿಗಳು ಕಾಲು ಚಾಚಿ ಮಲಗಿರುತ್ತಿದ್ದವು. ಅವಕ್ಕೆ ಸೀಟು ಹಿಡಿದುಕೊಡುವವರು ಬೇಕಿರಲಿಲ್ಲ.

ಇತ್ತ ಹಳೇ ಸ್ಟ್ಯಾಂಡು ತಿಂಗಳೊಳಗೆ ಬಿಕೋ ಎನ್ನತೊಡಗಿತು. ವಿಮಲಮ್ಮನ ಇಡ್ಲಿ ಹೋಟೆಲು ಮಧ್ಯಾಹ್ನಕ್ಕೇ ಬಾಗಿಲು ಹಾಕತೊಡಗಿತು. ಹಣ್ಣಿನ ಗಾಡಿಗಳು ಬೇರೆ ಬೀದಿ ಹುಡುಕಿಕೊಂಡವು. ಕಾಲೇಜು ಹುಡುಗಿಯರು ಆಪೆ ಆಟೋದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೋಗತೊಡಗಿದರು. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವನೂ "ಏನ್ ಮೇಡಂ, ಭದ್ರಾವತಿ ಗಿರಾಕಿಗಳೇ ಕಾಣ್ತಿಲ್ಲ, ನಮ್ಮೇಲೇನಾದ್ರೂ ಸಿಟ್ಟಾ?" ಎಂದು ಕೇಳಿದ. ಬಂಗಾರಮ್ಮನ ಹಗ್ಗದ ಮೇಲಿನ ಟವೆಲ್ಲುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ತೂಗುತ್ತಿದ್ದವು.

ಕರಿಯಣ್ಣನ ಪಾಡು ಹೇಳುವುದೇ ಬೇಡ. ಅಷ್ಟು ಬೆಳಿಗ್ಗೆ ಆಟೋ ಸಿಗುವುದು ಅದೃಷ್ಟದ ಮಾತು. ಸಿಕ್ಕರೂ ಅಗೆದು ಬಿಟ್ಟ ರಸ್ತೆಯಲ್ಲಿ ಕುಲುಕಿ ಕುಲುಕಿ ಹೊಸ ನಿಲ್ದಾಣ ಮುಟ್ಟುವಷ್ಟರಲ್ಲಿ ಅವರು ಅರ್ಧ ಆಗಿಹೋಗಿರುತ್ತಿದ್ದರು. ಒಂದು ಶುಕ್ರವಾರ "ಇವತ್ತು ಬೇಡ ಬಂಗಾರಿ, ನನ್ನ ಕೈಲಾಗಲ್ಲ" ಎಂದು ಗೋಡೆಗೆ ಒರಗಿಬಿಟ್ಟರು. ಆ ಒಂದು ಸಲ ತಪ್ಪಿದ್ದಕ್ಕೆ ಭಾನುವಾರದ ಹೊತ್ತಿಗೆ ಮೈಯೆಲ್ಲ ನೀರು ತುಂಬಿ, ಉಸಿರು ಸಿಕ್ಕದೆ ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಇನ್ನೊಂದು ಸಲ ತಪ್ಪಿದರೆ ಬದುಕಿಸುವುದು ಕಷ್ಟ ಎಂದು ಡಾಕ್ಟರು ಬಂಗಾರಮ್ಮನಿಗೆ ಬಿಡಿಸಿ ಹೇಳಿದರು. ಅವಳು ಬೈಯಲಿಲ್ಲ, ಅಳಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ನನಗೆ ಹೆದರಿಕೆಯಾಯಿತು.

ನಾನು ನನ್ನ ಶೈಲಿಯಲ್ಲಿ ಹೋರಾಡಿದೆ, ಅಂದರೆ ಪ್ರಯೋಜನವಿಲ್ಲದ ಶೈಲಿಯಲ್ಲಿ. ಬೆಳಗಿನ ಮೊದಲ ಬಸ್ಸಿನ ಮಾಲೀಕರು ಉಜ್ಜನಪ್ಪನವರು, ಶಿವಮೊಗ್ಗದ ವಿನೋಬನಗರದಲ್ಲಿ ದೊಡ್ಡ ಮನೆ, ನಮಗೆ ದೂರದಿಂದ ನೆಂಟರು. ಅವರನ್ನು ನಾನು ಮಾವ ಎಂದೇ ಕರೆಯುವುದು. ಹೋಗಿ ಕೈಮುಗಿದು ಕೇಳಿದೆ. ಅತ್ತೆ ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು, ಕುಂಕುಮ ಕೊಟ್ಟರು. ಮಾವ ಮಾತ್ರ "ನೋಡೋಣಮ್ಮ" ಎಂದರು. ನಮ್ಮವರ ಬಾಯಲ್ಲಿ 'ನೋಡೋಣ' ಬಂತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಬಂದು ಬಂಗಾರಮ್ಮನಿಗೆ ಹೇಳಿದೆ. ಅವಳು ಹಗ್ಗದ ಮೇಲಿನ ಟವೆಲ್ಲುಗಳನ್ನೇ ನೋಡುತ್ತಾ ಕೂತಿದ್ದಳು.

"ಟೀಚರ್, ಬಸ್ಸು ಹೊಸ ಸ್ಟ್ಯಾಂಡಲ್ಲಿ ಖಾಲಿ ನಿಂತಿರುತ್ತೆ ಅಲ್ವಾ, ಹೊರಡೋ ಮುಂಚೆ?"

"ಹೌದು. ಏನೀಗ?"

"ಏನಿಲ್ಲ. ನಾಳೆ ಮಂಗಳವಾರ. ಬೇಗ ಎದ್ದು ನನ್ ಜೊತೆ ಬನ್ನಿ. ಇವು ಬಿಸಿಲಿಗೆ ಹಾಳಾದ್ವು, ಈಗೊಂದ್ ಬೇರೆ ಟವೆಲ್ ಕೊಡಿ."

ನಾನು ಕಸೂತಿ ಹಾಕಿದ ನನ್ನ ಕರ್ಚೀಫು ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟಳು. "ಇದು ಮೂಗ್ ಒರೆಸೋಕೆ ಸರಿ. ಗಟ್ಟಿ ಟವೆಲ್ ಕೊಡಿ ಮಾರಾಯ್ತಿ."

ಆ ಸಂಜೆ ಅವಳು ಹೂವಿನ ಬುಟ್ಟಿ ಹಿಡಿದು ಹಳೇನಗರದ ಬೀದಿ ಬೀದಿ ತಿರುಗಿದಳು. ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗುವವರಿದ್ದ ಮನೆಯಲ್ಲೆಲ್ಲ ಒಂದೊಂದು ಟವೆಲ್ ವಸೂಲಿ, ಜೊತೆಗೆ ಒಂದು ತಾಕೀತು: ನಾಳೆ ಬಸ್ಸಿನ ಹೊತ್ತಿಗೆ ಎಲ್ಲರೂ ಹಳೇ ಸ್ಟ್ಯಾಂಡಿನಲ್ಲಿ ಇರಲೇಬೇಕು. "ಬರದಿದ್ರೆ ಟವೆಲ್ ವಾಪಸ್ ಕೊಡಲ್ಲ" ಎಂದಳಂತೆ. ಬಂಗಾರಮ್ಮ ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಬುಟ್ಟಿ ತುಂಬಿತು. ಕೆಂಪು ಅಂಚಿನವು, ಚೌಕುಳಿಯವು, ಕಾರ್ಖಾನೆ ಕಾಲದ ಮಾಸಲು ಬಣ್ಣದವು, ವಿಮಲಮ್ಮನ ಹೋಟೆಲಿನ ಅರಿಶಿನ ಕಲೆಯದೊಂದು, ನರ್ಸಿಂಗ್ ಓದುವ ಹುಡುಗಿಯ ನೀಲಿ ದುಪಟ್ಟಾ.

ಬೆಳಕು ಹರಿಯುವಾಗ ನಾವಿಬ್ಬರೂ ಹೊಸ ನಿಲ್ದಾಣದಲ್ಲಿದ್ದೆವು. ಬಸ್ಸು ನಿಂತಿತ್ತು, ಬಾಗಿಲು ತೆರೆದಿತ್ತು, ಕಂಡಕ್ಟರ್ ಲೋಹಿತ್ ಆಚೆ ಟೀ ಕುಡಿಯುತ್ತಿದ್ದ. ಬಂಗಾರಮ್ಮ ಹತ್ತಿದವಳೇ ಬುಟ್ಟಿಯನ್ನು ಮುಂಬಾಗಿಲ ಪಕ್ಕದ ಒಂಟಿ ಸೀಟಿನ ಮೇಲೆ ಇಳಿಸಿ ಒಂದೊಂದೇ ಸೀಟಿಗೆ ಟವೆಲ್ ಹಾಸತೊಡಗಿದಳು. ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುವಷ್ಟು ಶ್ರದ್ಧೆ. ನಾನೂ ಇನ್ನೊಂದು ಸಾಲಿಗೆ ಹಾಸಿದೆ. ಎಷ್ಟು ಮಜವಾಗುತ್ತಿತ್ತು ಎಂದು ಹೇಳಲಾರೆ. ಹಿಂದಿನ ಉದ್ದ ಸೀಟಿಗೆ ಹಾಸಲು ಹೋದಾಗ ತಡೆದಳು. "ಅದು ಬೇಡ. ಇಲ್ಲಿ ಹತ್ತೋರಿಗೆ ಇರ್ಲಿ. ಅವ್ರೇನ್ ಮನುಷ್ಯರಲ್ವಾ?"

ಹತ್ತಿದವರು ಏಳೆಂಟು ಜನ. ಹಿಂದಿನ ಸೀಟು ತುಂಬಿ ಇಬ್ಬರು ನಿಂತರು. ಟೀ ಮುಗಿಸಿ ಒಳಗೆ ಬಂದ ಲೋಹಿತ್ ಕಣ್ಣುಜ್ಜಿಕೊಂಡ.

"ಬಂಗಾರಕ್ಕ, ಇದೇನಿದು? ಯಾರ್ ಟವೆಲ್ ಇವೆಲ್ಲ?"

"ಸೀಟ್ ಹಿಡಿದಿದೀನಪ್ಪ. ಹಳೇ ಸ್ಟ್ಯಾಂಡಲ್ಲಿ ಕಾಯ್ತಾ ಇದಾರೆ, ಅಲ್ ಹತ್ತುತಾರೆ."

"ಬಸ್ ಅಲ್ಲಿಗ್ ಹೋಗಲ್ವಲ್ಲ ಅಕ್ಕ!"

"ಹಂಗಾದ್ರೆ ಟವೆಲ್ಲನ್ನೇ ಶಿವಮೊಗ್ಗ ತೋರಿಸ್ಕೊಂಡ್ ಬಾ."

ಲೋಹಿತ್ ಒಂದು ಚೌಕುಳಿ ಟವೆಲ್ಲಿಗೆ ಕೈ ಚಾಚಿದ. ಅದರ ಪಕ್ಕವೇ ಕಂಬಿ ಹಿಡಿದು ನಿಂತಿದ್ದ ಹೆಂಗಸು, ಸೀಟು ಸಿಕ್ಕರೆ ಕೂರಬೇಕಾದವಳು ಅವಳೇ, ಗಟ್ಟಿಯಾಗಿ ಗದರಿದಳು. "ಏಯ್, ಟವೆಲ್ ಹಾಕಿದ್ ಸೀಟು ಮುಟ್ತೀಯಾ? ಅಷ್ಟೂ ಗೊತ್ತಾಗಲ್ವಾ ನಿಂಗೆ?" ಹಿಂದಿನ ಸೀಟಿನಿಂದ ಒಬ್ಬ ಗಂಡಸಿನ ದನಿ ಬಂತು. "ಇವತ್ತು ಅವ್ರದ್ದು ತೆಗೆದ್ರೆ ನಾಳೆ ನಮ್ದೂ ತೆಗೀತಾರೆ. ಬಿಡ್ಬೇಡಿ!" ಲೋಹಿತನ ಕೈ ಹಿಂದೆ ಸರಿಯಿತು. ಅವನೂ ಈ ಊರಿನ ಬಸ್ಸಿನಲ್ಲೇ ಬೆಳೆದವನು, ಅವನ ಕೈಗೂ ಆ ಕೆಲಸ ಬರುತ್ತಿರಲಿಲ್ಲ. ಬೆವರು ಒರೆಸಿಕೊಂಡು ಮಾಲೀಕರಿಗೆ ಫೋನ್ ಮಾಡಿದ.

ನಮ್ಮ ದುರದೃಷ್ಟಕ್ಕೋ ಅದೃಷ್ಟಕ್ಕೋ ಉಜ್ಜನಪ್ಪ ಮಾವ ಆ ರಾತ್ರಿ ಬೈಪಾಸಿನ ಪಕ್ಕದ ಮಗಳ ಮನೆಯಲ್ಲಿ ತಂಗಿದ್ದರು. ಎರಡೇ ನಿಮಿಷಕ್ಕೆ ಅಳಿಯನ ಸ್ಕೂಟರಿನ ಹಿಂದೆ ಕೂತು ಬಂದಿಳಿದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮುಖದ ತುಂಬ ಕೋಪ.

"ಯಾರದು ಇದೆಲ್ಲ? ಡೀಸೆಲ್ ಹಾಕ್ಸೋದು ನಾನು, ಬಸ್ಸು ನಂದು!"

"ಬಸ್ ನಿಮ್ದೇ ಸಾವ್ಕಾರ್ರೆ," ಎಂದು ಬಂಗಾರಮ್ಮ ಒಂಟಿ ಸೀಟಿನ ಮೇಲಿದ್ದ ಖಾಲಿ ಬುಟ್ಟಿಯನ್ನು ಕೈಗೆತ್ತಿಕೊಂಡಳು, "ಟವೆಲ್ ಇರೋ ಸೀಟು ನಿಮ್ದಲ್ಲ. ಧೈರ್ಯ ಇದ್ರೆ ಒಂದ್ ತೆಗೀರಿ ನೋಡಣ."

ಮಾವ ಹತ್ತಿರದ ಸೀಟಿನ ಮೇಲಿದ್ದ ಟವೆಲ್ ನೋಡಿದರು. ಆಮೇಲೆ ನಿಂತಿದ್ದ ಇಬ್ಬರನ್ನು ನೋಡಿದರು. ಹಿಂದಿನ ಸೀಟಿನವರೆಲ್ಲ ಕತ್ತು ಉದ್ದ ಮಾಡಿ ಅವರ ಕೈಯನ್ನೇ ನೋಡುತ್ತಿದ್ದರು. ನಾನು ಕಿಟಕಿಯ ಹೊರಗೆ ಮುಖ ಮಾಡಿದ್ದೆ, ನಗು ತಡೆಯಲು. "ನೀನೂ ಇದೀಯೇನಮ್ಮ ಇದರಲ್ಲಿ?" ಎಂದರು. ಕೈ ಮಾತ್ರ ಮೇಲೇಳಲಿಲ್ಲ. ಸುತ್ತ ಹುಡುಕಿ ಮುಂಬಾಗಿಲ ಪಕ್ಕದ ಒಂಟಿ ಸೀಟು ಖಾಲಿ ಕಂಡು ಅದರ ಮೇಲೆ ದೊಪ್ಪನೆ ಕೂತರು. ಅದು ಕರಿಯಣ್ಣನ ಸೀಟು. ಬಂಗಾರಮ್ಮನ ಮುಖ ನೋಡಿದೆ. ಅವಳು ಕೈಯಲ್ಲಿದ್ದ ಖಾಲಿ ಬುಟ್ಟಿಯನ್ನು ನೋಡುತ್ತಿದ್ದಳು. ಊರಿನವರದ್ದೆಲ್ಲ ತಂದವಳು ಮನೆಯ ಟವೆಲ್ಲನ್ನೇ ಮರೆತಿದ್ದಳು.

"ಹೊಡಿಯೋ, ಹಳೇ ಸ್ಟ್ಯಾಂಡಿಗೆ ಹೊಡಿ," ಎಂದರು ಮಾವ ಡ್ರೈವರಿಗೆ. "ಎಷ್ಟ್ ಜನ ಬರ್ತಾರೆ ನೋಡೇ ಬಿಡ್ತೀನಿ."

ಬಸ್ಸು ಪೇಟೆಯ ಕಡೆ ತಿರುಗಿತು. ಎಷ್ಟೋ ದಿನದ ಮೇಲೆ ಆ ಹಾರನ್ನು ನಮ್ಮ ಬೀದಿಯಲ್ಲಿ ಕೇಳಿಸಿದ್ದಕ್ಕೆ ಜನ ಮನೆಯಿಂದ ಹೊರಗೆ ಬಂದು ನಿಂತರು. ಹಳೇ ಸ್ಟ್ಯಾಂಡಿನ ತಿರುವಿನಲ್ಲಿ ಕಂಡದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಯಾರೊಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಟವೆಲ್ ಕೊಟ್ಟವರು ಬಂದಿದ್ದರು, ಕೊಡದವರೂ ಬಂದಿದ್ದರು. ಬ್ಯಾಗು ಹೊತ್ತ ಕಾಲೇಜು ಹುಡುಗಿಯರು, ತರಕಾರಿ ಮೂಟೆಯವರು, ಕೋರ್ಟಿಗೆ ಹೋಗುವ ಮುದುಕರು, ಇಡ್ಲಿ ಪೊಟ್ಟಣ ಹಿಡಿದ ವಿಮಲಮ್ಮ. ಬಸ್ಸು ನಿಲ್ಲುವ ಮೊದಲೇ ಒಂದು ಕೂಗು ಎದ್ದಿತು. ಕ್ರಿಕೆಟ್ ಗೆದ್ದಾಗಲೂ ನಮ್ಮ ಬೀದಿ ಹಾಗೆ ಕೂಗಿಲ್ಲ. ಎಲ್ಲರೂ ನುಗ್ಗಿ ತಮ್ಮ ತಮ್ಮ ಟವೆಲ್ ಗುರುತು ಹಿಡಿದು ಕೂತರು. ನಿಲ್ಲುವವರಿಂದ ಬಸ್ಸು ಬಾಗಿಲವರೆಗೂ ತುಂಬಿತು. ಉಜ್ಜನಪ್ಪ ಮಾವ ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದರು.

ಕೊನೆಗೆ ಹತ್ತಿದವರು ಕರಿಯಣ್ಣ. ಇಬ್ಬರು ಹಿಡಿದುಕೊಂಡಿದ್ದರು. ಮೆಟ್ಟಿಲು ಹತ್ತಿ ಎಂದಿನಂತೆ ಒಂಟಿ ಸೀಟಿನ ಕಡೆ ಕೈ ಚಾಚಿದರು, ಅಲ್ಲಿ ವಿಭೂತಿಯ ಹಣೆ ಕಂಡು ಗಾಬರಿಯಿಂದ ಕೈ ಹಿಂದೆ ತೆಗೆದುಕೊಂಡರು. ಕಂಬಿ ಹಿಡಿದು ನಿಂತ ಅವರ ಮೊಣಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಗಂಟುಗಳಿದ್ದವು. ನಾಲ್ಕೈದು ಜನ ಒಟ್ಟಿಗೆ ಏಳಲು ಹೋದರು. ಬಂಗಾರಮ್ಮ ತುಟಿ ಕಚ್ಚಿಕೊಂಡು, "ನಂದೇ ತಪ್ಪು. ಇವ್ರ್ ಟವೆಲ್ ತರೋದ್ ಮರೆತೆ" ಎಂದಳು. ಅಷ್ಟೂ ಹೊತ್ತು ಹುಲಿಯಾಗಿದ್ದವಳ ದನಿ ಆಗ ಮುರಿದೇಹೋಯಿತು.

ಮಾವ ಕರಿಯಣ್ಣನ ಕೈ ನೋಡಿದರು. ಊದಿದ ಕಾಲು ನೋಡಿದರು. "ಡಯಾಲಿಸಿಸ್ಸಾ?" ಎಂದು ಕೇಳಿದರು. ಹೌದು ಎಂದು ನಾನೇ ಹೇಳಿದೆ. ಅವರು ಎದ್ದು ನಿಂತು, ಕರಿಯಣ್ಣನ ಭುಜ ಹಿಡಿದು ತಾವೇ ಕೂರಿಸಿದರು. ಬೇರೆಯವರು ಸೀಟು ಬಿಟ್ಟುಕೊಡಲು ಎದ್ದರೂ ಕೂರಲಿಲ್ಲ. ಶಿವಮೊಗ್ಗದವರೆಗೂ ತಮ್ಮದೇ ಬಸ್ಸಿನಲ್ಲಿ, ಒಂದು ಕಡೆ ತರಕಾರಿ ಮೂಟೆ, ಇನ್ನೊಂದು ಕಡೆ ನನ್ನ ಊಟದ ಚೀಲ, ಮಧ್ಯೆ ಪಂಚೆ ಎತ್ತಿ ಕಟ್ಟಿಕೊಂಡು ನಿಂತೇ ಬಂದರು. ಒಂದೊಂದು ಹಂಪ್ ಬಂದಾಗಲೂ ಡ್ರೈವರಿಗೆ ಬೈದರು. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಆ ಹಂಪುಗಳಲ್ಲೇ ಇಳಿದುಹೋಯಿತು. ಇಳಿಯುವಾಗ ಕರಿಯಣ್ಣ ಮೆಲ್ಲಗೆ, "ಇನ್ಮೇಲೆ ನೀವೂ ಒಂದ್ ಟವೆಲ್ ಕೊಟ್ಟಿಡಿ ಸಾವ್ಕಾರ್ರೆ, ಬಂಗಾರಿ ಸೀಟ್ ಹಿಡೀತಾಳೆ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು, ಮಾವನೂ ನಕ್ಕರು. ಆದರೆ ನಾಳೆ ಬಸ್ಸು ಬರುತ್ತದಾ ಎಂದು ಕೇಳಿದ್ದಕ್ಕೆ ಮತ್ತೆ ಅದನ್ನೇ ಹೇಳಿದರು. "ನೋಡೋಣಮ್ಮ."

ಬುಧವಾರ ಬೆಳಿಗ್ಗೆ ನಾನು ಬಂಗಾರಮ್ಮನನ್ನು ಹೊಸ ನಿಲ್ದಾಣಕ್ಕೆ ಕರೆದೆ. ಇನ್ನೊಮ್ಮೆ ಟವೆಲ್ ಹಾಸೋಣ ಎಂದೆ. ಅವಳು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ದಿನಾ ಹೋಗಿ ಎಳ್ಕೊಂಡ್ ಬರೋಕೆ ಅದೇನ್ ಎಮ್ಮೆನಾ? ತಾನಾಗ್ ಬರ್ಬೇಕು. ಬರ್ಲಿಲ್ಲ ಅಂದ್ರೆ ನಿನ್ನೆ ನಾವ್ ಗೆದ್ದೇ ಇಲ್ಲ."

ಅವಳ ಮಾತು ಸರಿಯಿತ್ತು, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಆವತ್ತು ಆಸ್ಪತ್ರೆಯ ಸರದಿ ಇಲ್ಲದಿದ್ದರೂ ಕರಿಯಣ್ಣ ಗೋಡೆ ಹಿಡಿದುಕೊಂಡು ಬಂದು ಹೂವಿನ ಗಾಡಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಜನ ತಿರುವಿನ ಕಡೆಯೇ ನೋಡುತ್ತಾ ನಿಂತಿದ್ದರು. ಬಸ್ಸಿನ ಹೊತ್ತಾಯಿತು. ಹೊತ್ತು ಮೀರಿತು. ಯಾರೋ ಒಬ್ಬರು ಆಪೆ ಆಟೋ ಕರೆಯಲು ರಸ್ತೆಗೆ ಇಳಿದರು. ಬಂಗಾರಮ್ಮ ಒಂದು ಮೊಳ ಮಲ್ಲಿಗೆ ಕಟ್ಟಿ, ಸರಿಯಾಗಲಿಲ್ಲವೆಂದು ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು.

ಹಾರನ್ನು ಮೊದಲು ಕೇಳಿಸಿದ್ದು ಕರಿಯಣ್ಣನಿಗೆ. "ಬಂತು" ಎಂದರು. ಉಜ್ಜನಪ್ಪ ಮಾವನ ಬಸ್ಸು ತಿರುವಿನಲ್ಲಿ ಕಂಡಿತು. ಎದುರಿನ ಗಾಜಿಗೆ ಹೊಸದಾಗಿ ಬೋರ್ಡು ಬರೆಸಿ ಕಟ್ಟಿದ್ದರು: ಹಳೇ ಬಸ್ ಸ್ಟ್ಯಾಂಡ್ ಮಾರ್ಗ. ಅದರ ಹಿಂದೆಯೇ ಇನ್ನೊಬ್ಬ ಮಾಲೀಕರ ಬಸ್ಸು, ತನ್ನ ಗಿರಾಕಿಗಳೆಲ್ಲ ಎಲ್ಲಿ ಕೈತಪ್ಪುತ್ತಾರೋ ಎಂಬ ಗಾಬರಿಯಲ್ಲಿ ಹಾರನ್ನು ಬಾರಿಸುತ್ತಾ ನುಗ್ಗಿ ಬರುತ್ತಿತ್ತು. ನಾನು ಪಾಠ ಹೇಳುವ ಹೆಂಗಸು ಎಂಬುದನ್ನು ಮರೆತು ಶಿಳ್ಳೆ ಹಾಕಿದೆ. ವಿಮಲಮ್ಮ ಹೋಟೆಲಿನೊಳಗಿಂದ ಸೌಟು ಹಿಡಿದುಕೊಂಡೇ ಓಡಿ ಬಂದರು. ಬಂಗಾರಮ್ಮ ಎರಡೂ ಕೈಯಲ್ಲಿ ಟವೆಲ್ಲುಗಳನ್ನು ಹಿಡಿದು ನಿಂತಲ್ಲೇ ನಿಂತಿದ್ದಳು, ಎಸೆಯುವುದನ್ನೇ ಮರೆತು. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಮೂಗು ಸೀಟಿ, ಬಾಗಿಲಲ್ಲಿ ಜೋತುಬಿದ್ದಿದ್ದ ಲೋಹಿತನ ಮೇಲೆ ಎರಗಿದಳು.

"ಏನೋ, ಇಷ್ಟೊತ್ತಿಗಾ ಬರೋದು? ಜನ ಕಾಯ್ತಾರೆ ಅನ್ನೋ ಜ್ಞಾನ ಬೇಡ್ವಾ ನಿಂಗೆ?"

ಲೋಹಿತ್ ಹಲ್ಲು ಕಿರಿದು ಕೈಮುಗಿದ. ಸ್ಟೂಲಿನ ಮೇಲೆ ಕೂತಿದ್ದ ಕರಿಯಣ್ಣ ಬಸ್ಸನ್ನು ಮುಂದಿನಿಂದ ಹಿಂದಿನವರೆಗೆ ಒಂದು ಸಲ ನಿಧಾನವಾಗಿ ನೋಡಿದರು.

"ಬಂಗಾರಿ," ಎಂದರು, "ಶುಕ್ರವಾರ ಇದ್ರಲ್ಲೇ ಹೋಗಣ."